ಮರದ ಕೆತ್ತನೆ ಯಂತ್ರಕ್ಕೆ ಸಮ್ಮಿತೀಯ ಜಾಲಂಧ್ರದ ನಕ್ಷೆ: ಸದಸ್ಯರು ಪರಿಶೀಲಿಸಬೇಕಾದ ಅಂಶಗಳು



ಗ್ರಂಥಾಲಯ, ಅಂಗನವಾಡಿ ಹಾಗೂ ಪಂಚಾಯಿತಿ ಕಟ್ಟಡಗಳ ಕಿಟಕಿಗಳಿಗೆ ಮರದ ಜಾಲಂಧ್ರ ಅಳವಡಿಸುವಾಗ, ಅದನ್ನು ಗಣಕಯಂತ್ರ ನಿಯಂತ್ರಿತ ಕೆತ್ತನೆ ಯಂತ್ರದಲ್ಲಿ, ಅಂದರೆ ಸಿ.ಎನ್.ಸಿ. ರೂಟರ್‌ನಲ್ಲಿ ಕತ್ತರಿಸುವುದು ಈಗ ರೂಢಿಯಲ್ಲಿದೆ. ಯಂತ್ರವು ನಕ್ಷೆಯಲ್ಲಿರುವುದನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ನಕ್ಷೆಯ ದೋಷವನ್ನೂ ಹಾಗೆಯೇ ಪಾಲಿಸುತ್ತದೆ. ಆದುದರಿಂದ ಬಿಲ್ಲಿಗೆ ಅನುಮೋದನೆ ನೀಡುವ ಸಮಯದಲ್ಲಿ ಅಲ್ಲ, ಹಲಗೆ ಕತ್ತರಿಸುವ ಮುನ್ನವೇ ನಕ್ಷೆಯನ್ನು ಪರಿಶೀಲಿಸುವುದು ಸೂಕ್ತ. ಅದಕ್ಕೆ ಅಗತ್ಯವಾದ ತಿಳಿವಳಿಕೆಯನ್ನು ಈ ಪಾಠದಲ್ಲಿ ನೀಡಲಾಗಿದೆ.

1. ಸಮ್ಮಿತಿ ಎಂದರೇನು?

ಒಂದು ರೇಖೆಯ ಎರಡೂ ಬದಿಯ ಆಕಾರಗಳು ಕನ್ನಡಿಯ ಪ್ರತಿಬಿಂಬದಂತೆ ಹೊಂದಿಕೊಂಡರೆ ಅದು ಸಮ್ಮಿತಿ; ಆ ರೇಖೆಯೇ ಸಮ್ಮಿತಿಯ ಅಕ್ಷ. ಚುಕ್ಕಿ ರಂಗೋಲಿ ಇದಕ್ಕೆ ನಿತ್ಯದ ಉದಾಹರಣೆ. ಬೇಲೂರಿನ ಚೆನ್ನಕೇಶವ ದೇವಾಲಯದ ಕಲ್ಲಿನ ಜಾಲಂಧ್ರಗಳಲ್ಲಿಯೂ ಇಂತಹ ಜ್ಯಾಮಿತೀಯ ವಿನ್ಯಾಸಗಳಿವೆ.

ಜಾಲಂಧ್ರಕ್ಕೆ ಸಾಮಾನ್ಯವಾಗಿ ಎರಡು ಅಕ್ಷಗಳಿರುತ್ತವೆ: ಒಂದು ಲಂಬ, ಇನ್ನೊಂದು ಅಡ್ಡ. ಆದ್ದರಿಂದ ಕಾಲು ಭಾಗವನ್ನು ಬರೆದು ಉಳಿದುದನ್ನು ಪ್ರತಿಬಿಂಬಿಸಿದರೆ ಸಾಕು. ಇದರಲ್ಲಿ ಅನುಕೂಲವೂ ಇದೆ, ಅಪಾಯವೂ ಇದೆ. ಕಾಲು ಭಾಗದಲ್ಲಿ ಉಳಿದ ಒಂದು ತಪ್ಪು ನಾಲ್ಕಾಗುತ್ತದೆ. ಕಾಲು ಭಾಗವನ್ನು ಸರಿಯಾಗಿ ಪರಿಶೀಲಿಸಿದರೆ ನಾಲ್ಕೂ ಭಾಗಗಳು ಸರಿಯಾಗುತ್ತವೆ.

2. ಲೆಕ್ಕ ಸಹಿತ ಉದಾಹರಣೆ

600 ಮಿ.ಮೀ. ಅಗಲ, 900 ಮಿ.ಮೀ. ಎತ್ತರ ಮತ್ತು 18 ಮಿ.ಮೀ. ದಪ್ಪದ ಹಲಗೆಯನ್ನು ತೆಗೆದುಕೊಳ್ಳೋಣ. ಸುತ್ತಲೂ 60 ಮಿ.ಮೀ. ಅಂಚು ಬಿಟ್ಟರೆ ಒಳಗೆ 480 × 780 ಮಿ.ಮೀ. ಉಳಿಯುತ್ತದೆ. 60 ಮಿ.ಮೀ. ಚೌಕಗಳಾಗಿ ಭಾಗಿಸಿದಾಗ 8 ಕಂಬಸಾಲು, 13 ಅಡ್ಡಸಾಲು, ಒಟ್ಟು 104 ಮನೆಗಳಾಗುತ್ತವೆ. ಪ್ರತಿ ಮನೆಯ ನಡುವೆ 40 ಮಿ.ಮೀ. ಚೌಕದ ರಂಧ್ರವಿಟ್ಟರೆ, ಎರಡು ರಂಧ್ರಗಳ ನಡುವೆ 20 ಮಿ.ಮೀ. ಪಟ್ಟಿ ಉಳಿಯುತ್ತದೆ. ಪಟ್ಟಿಯ ಅಗಲ ಹಲಗೆಯ ದಪ್ಪಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳುವುದು ಸುರಕ್ಷಿತ ಕ್ರಮ. ಈ ವಿನ್ಯಾಸದಲ್ಲಿ ಹಲಗೆಯ ಸುಮಾರು ಶೇ. 31 ಭಾಗ ಗಾಳಿ ಬೆಳಕಿಗೆ ತೆರೆದಿರುತ್ತದೆ.

ಕಂಬಸಾಲುಗಳು ಸಮಸಂಖ್ಯೆಯಲ್ಲಿರುವುದರಿಂದ ಲಂಬ ಅಕ್ಷವು 4 ಮತ್ತು 5ನೆಯ ಸಾಲುಗಳ ನಡುವಣ ಪಟ್ಟಿಯ ಮೇಲೆ ಬೀಳುತ್ತದೆ. ಅಡ್ಡಸಾಲುಗಳು ಬೆಸಸಂಖ್ಯೆಯಲ್ಲಿರುವುದರಿಂದ ಅಡ್ಡ ಅಕ್ಷವು 7ನೆಯ ಸಾಲಿನ ರಂಧ್ರಗಳನ್ನೇ ಸೀಳಿಕೊಂಡು ಹೋಗುತ್ತದೆ.

3. ತಂತ್ರಾಂಶದಲ್ಲಿ ರಚಿಸುವ ಕ್ರಮ

ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಇಂತಹ ನಕ್ಷೆಯನ್ನು ರಚಿಸಬಹುದು.

ಅ) ಮೇಲಿನ ಎಡ ಭಾಗದಲ್ಲಿ 4 × 6, ಅಂದರೆ 24 ರಂಧ್ರಗಳನ್ನು ಬರೆಯುವುದು.

ಆ) ಅವುಗಳ ಪ್ರತಿ ತೆಗೆದು, ಎಡಬಲ ತಿರುಗಿಸಿ, ಲಂಬ ಅಕ್ಷದಿಂದ ಅಷ್ಟೇ ದೂರದಲ್ಲಿ ಬಲಕ್ಕೆ ಇರಿಸುವುದು: 48.

ಇ) ಈ 48ರ ಪ್ರತಿಯನ್ನು ಮೇಲೆಕೆಳಗೆ ತಿರುಗಿಸಿ ಕೆಳಭಾಗದಲ್ಲಿ ಇರಿಸುವುದು: 96.

ಈ) ನಡುವಿನ 7ನೆಯ ಸಾಲಿನ 8 ರಂಧ್ರಗಳನ್ನು ಇಡಿಯಾಗಿಯೇ ಬರೆಯುವುದು: 104.

ನಡುವಿನ ಸಾಲನ್ನು ಅರ್ಧ ಬರೆದು ಪ್ರತಿಬಿಂಬಿಸಿದರೆ ಎರಡು ಅರ್ಧಗಳ ತುದಿಗಳನ್ನು ಬೆಸೆಯಬೇಕಾಗುತ್ತದೆ. ಬೆಸೆಯದಿದ್ದರೆ ಯಂತ್ರದ ತಂತ್ರಾಂಶವು ಅದನ್ನು ತೆರೆದ ಗೆರೆಯೆಂದು ತಿಳಿಯುತ್ತದೆ. ರಂಧ್ರದ ಒಳಬದಿ ಯಾವುದೆಂದು ನಿರ್ಧರಿಸಲಾರದು. ಗುರುತಿಗೆಂದು ಎಳೆದ ಅಕ್ಷದ ಗೆರೆಯನ್ನೂ ಕೊನೆಗೆ ಅಳಿಸಬೇಕು. ಉಳಿದರೆ ಯಂತ್ರವು ಅದರ ಮೇಲೆಯೂ ಸಾಗಿ ಹಲಗೆಯನ್ನು ಎರಡು ಹೋಳಾಗಿಸಬಹುದು.

4. ಕತ್ತರಿಸುವ ಬಿಟ್ಟಿನ ಲೆಕ್ಕ

6 ಮಿ.ಮೀ. ವ್ಯಾಸದ ಬಿಟ್ ದುಂಡಗಿರುವುದರಿಂದ ಒಳಮೂಲೆಗಳು 3 ಮಿ.ಮೀ. ತ್ರಿಜ್ಯದಷ್ಟು ದುಂಡಾಗಿಯೇ ಬರುತ್ತವೆ. ಬಿಟ್ ಗೆರೆಯ ಒಳಬದಿಯಲ್ಲಿ ಸಾಗುವಂತೆ ಸೂಚಿಸಬೇಕು. ಗೆರೆಯ ಮೇಲೆಯೇ ಸಾಗಿದರೆ ಪ್ರತಿ ಬದಿಯಲ್ಲಿ 3 ಮಿ.ಮೀ. ಹೆಚ್ಚು ಕತ್ತರಿಸಿ, 40ರ ರಂಧ್ರ 46 ಆಗುತ್ತದೆ; 20ರ ಪಟ್ಟಿ 14ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಗಟ್ಟಿಯಾಗಿದ್ದ ಜಾಲಂಧ್ರವು ಕಿಟಕಿಯಲ್ಲಿ ಮುರಿಯಲು ಇದೂ ಒಂದು ಕಾರಣ.

ಒಂದು ರಂಧ್ರಕ್ಕೆ ಬಿಟ್ ಸಾಗುವ ದಾರಿ 136 ಮಿ.ಮೀ. 104 ರಂಧ್ರಗಳಿಗೆ, ತಲಾ 6 ಮಿ.ಮೀ. ಆಳದ ಮೂರು ಸುತ್ತಿನಲ್ಲಿ, ಒಟ್ಟು ಸುಮಾರು 42.4 ಮೀಟರ್. ನಿಮಿಷಕ್ಕೆ 2 ಮೀಟರ್ ವೇಗದಲ್ಲಿ ಕತ್ತರಿಸುವ ಸಮಯ ಸುಮಾರು 21 ನಿಮಿಷ. ಹಲಗೆ ಜೋಡಿಸುವುದು, ಬಿಟ್ ಮೇಲೆತ್ತಿ ಇಳಿಸುವುದು ಇದಕ್ಕೆ ಹೊರತು. ಗಂಟೆಯ ಬಾಡಿಗೆಯ ದರಪಟ್ಟಿ ಬಂದಾಗ ಈ ಲೆಕ್ಕ ನೆರವಾಗುತ್ತದೆ.

5. ಅಕ್ಷರಗಳು ಮತ್ತು ಹಲಗೆ

ಪ್ರತಿಬಿಂಬಿಸಬೇಕಾದುದು ವಿನ್ಯಾಸವನ್ನು ಮಾತ್ರ. ಅಕ್ಷರಗಳನ್ನು ಎಲ್ಲ ಮುಗಿದ ಮೇಲೆ ಸೇರಿಸಬೇಕು. ಅಕ್ಷರವನ್ನು ಆರಪಾರ ಕತ್ತರಿಸುವುದಾದರೆ ‘ಪಂಚಾಯಿತಿ’ ಪದದ ಸೊನ್ನೆಯ ಒಳಗಿನ ತುಣುಕು ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಸಣ್ಣ ಸೇತುವೆಯಂತಹ ಪಟ್ಟಿಯನ್ನು ಬಿಡಬೇಕು.

ಗಟ್ಟಿಮರದಲ್ಲಿ ಎಳೆಗೆ ಅಡ್ಡಲಾಗಿ ಬರುವ ಕಿರುಪಟ್ಟಿಗಳು ಬೇಗ ಮುರಿಯುತ್ತವೆ. ಪ್ಲೈವುಡ್‌ನ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡಲಾಗಿರುವುದರಿಂದ ಆ ತೊಂದರೆ ಕಡಿಮೆ. ಮಳೆ ತಗಲುವ ಕಿಟಕಿಗಳಿಗೆ ಐ.ಎಸ್. 710 ಗುರುತಿನ ಮರೈನ್ ಪ್ಲೈವುಡ್ ಸೂಕ್ತ. ಕತ್ತರಿಸಿದ ಅಂಚುಗಳಿಗೂ ಬಣ್ಣ ಅಥವಾ ವಾರ್ನಿಷ್ ಬಳಿಯಬೇಕು.

6. ನಮ್ಮ ಬಡಗಿಗಳು

ಯಂತ್ರ ಪಟ್ಟಣದಲ್ಲಿದ್ದರೂ ನಕ್ಷೆ ಊರಿನಲ್ಲೇ ಸಿದ್ಧವಾಗಬಹುದು. ಎಳೆಯ ದಿಕ್ಕು, ಪಟ್ಟಿಯ ಬಲ, ಅಂಚಿನ ಜೋಡಣೆ ಇವೆಲ್ಲವೂ ಬಡಗಿಗೆ ಅನುಭವದಿಂದ ತಿಳಿದಿರುತ್ತವೆ, ಕಲಿಯಬೇಕಾದುದು ತಂತ್ರಾಂಶವಷ್ಟೇ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಬಡಗಿ ವೃತ್ತಿಯೂ ಸೇರಿದೆ. ಕೌಶಲ ತರಬೇತಿ ಹಾಗೂ ಉಪಕರಣಗಳಿಗೆ ರೂ. 15,000ದವರೆಗಿನ ನೆರವು ಅದರಲ್ಲಿದೆ. ಗ್ರಾಮೀಣ ಅರ್ಜಿಗಳ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯಿತಿಯದೇ. ಅರ್ಹ ಬಡಗಿಯ ಅರ್ಜಿ ನಮ್ಮ ಹಂತದಲ್ಲಿ ಬಾಕಿ ಉಳಿಯದಂತೆ ಸದಸ್ಯರು ಗಮನ ಹರಿಸಬೇಕಾಗಿ ಕೋರಿದೆ.

7. ಅನುಮೋದನೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

• ರಂಧ್ರಗಳ ಒಟ್ಟು ಸಂಖ್ಯೆ ಸಾಲುಗಳ ಗುಣಲಬ್ಧಕ್ಕೆ ಸರಿಹೊಂದುತ್ತದೆಯೇ?
• ಅತಿ ಕಿರಿದಾದ ಪಟ್ಟಿ ಎಷ್ಟು ಮಿ.ಮೀ.? ಹಲಗೆಯ ದಪ್ಪ ಎಷ್ಟು?
• ಎಲ್ಲ ಗೆರೆಗಳೂ ಮುಚ್ಚಿವೆಯೇ? ಅಕ್ಷದ ಗೆರೆ ಅಳಿಸಿದೆಯೇ?
• ಬಿಟ್ ಗೆರೆಯ ಒಳಬದಿಯಲ್ಲಿ ಸಾಗುತ್ತದೆಯೇ?
• ಮಾದರಿಯಾಗಿ ನಾಲ್ಕು ರಂಧ್ರಗಳನ್ನು ತುಂಡು ಹಲಗೆಯಲ್ಲಿ ಕತ್ತರಿಸಿ ಅಳೆದು ನೋಡಲಾಗಿದೆಯೇ?
• ನಕ್ಷೆಯ ಕಡತದ ಪ್ರತಿಯನ್ನು ಪಂಚಾಯಿತಿಗೆ ಒಪ್ಪಿಸಲಾಗುತ್ತದೆಯೇ?

ಕೊನೆಯ ಪ್ರಶ್ನೆಯನ್ನು ಕಡೆಗಣಿಸಬಾರದು. ಕಡತ ನಮ್ಮಲ್ಲಿದ್ದರೆ ಮುಂದಿನ ಕಿಟಕಿಗೆ ವಿನ್ಯಾಸದ ಶುಲ್ಕವನ್ನು ಮತ್ತೆ ತೆರಬೇಕಾಗಿಲ್ಲ.

ಅಭ್ಯಾಸ: 480 × 720 ಮಿ.ಮೀ. ಹಲಗೆಗೆ ಅದೇ 60 ಮಿ.ಮೀ. ಅಂಚು ಮತ್ತು ಅದೇ ಅಳತೆಯ ಮನೆಗಳನ್ನಿಟ್ಟು ಗ್ರಾಫ್ ಕಾಗದದಲ್ಲಿ ಕಾಲು ಭಾಗವನ್ನು ಬರೆಯಿರಿ. ಎರಡು ಅಕ್ಷಗಳು ಪಟ್ಟಿಯ ಮೇಲೆ ಬೀಳುತ್ತವೆಯೋ, ರಂಧ್ರದ ಮೇಲೋ? ಉತ್ತರ: 6 ಕಂಬಸಾಲು, 10 ಅಡ್ಡಸಾಲು, ಒಟ್ಟು 60 ರಂಧ್ರಗಳು, ಎರಡು ಅಕ್ಷಗಳೂ ಪಟ್ಟಿಯ ಮೇಲೆಯೇ ಬೀಳುತ್ತವೆ.