ಎಮ್ಮೆ ಈದ ಮೇಲೆ ಬೀಳುವ ಕಸ: ಎತ್ತುವ ಕೈ ಜೋಪಾನ

ಹಿಂಗಾರಿ ಬಿತ್ತನೆಯ ಹೊತ್ತಿಗೆ ನವಲಗುಂದದ ಸುತ್ತಲಿನ ಹಳ್ಳಿಗಳಲ್ಲಿ ಎಮ್ಮೆಗಳು ಈಯತೊಡಗುತ್ತವೆ. ಮನೆ ಮನೆಯಲ್ಲಿ ಗಿಣ್ಣದ ಸಂಭ್ರಮ. ಆದರೆ ಕರುವಿನ ಹಿಂದೆ ಬೀಳುವ ಕಸವನ್ನು ಏನು ಮಾಡಬೇಕೆಂದು ನಾವು ಯೋಚಿಸುವುದೇ ಕಡಿಮೆ. ಬರಿಗೈಯಲ್ಲಿ ಎತ್ತಿ ತಿಪ್ಪೆಗೆ ಎಸೆಯುತ್ತೇವೆ, ಹಳ್ಳಕ್ಕೆ ಬಿಡುತ್ತೇವೆ, ಇಲ್ಲವೇ ಹಾಲು ಹೆಚ್ಚಲೆಂದು ಚೀಲದಲ್ಲಿ ಕಟ್ಟಿ ಆಲದ ಮರಕ್ಕೆ ತೂಗುಹಾಕುತ್ತೇವೆ.

ಜಮಖಾನ ನೇಯುವ ತಾಯಿಯೊಬ್ಬರು ನನ್ನ ಬಳಿ ಬಂದಿದ್ದರು. ಸಂಜೆಯಾದರೆ ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ನಡು ಎತ್ತಲಾಗದ ನೋವು. ಮಗ್ಗದ ಮುಂದೆ ಕೂತು ಕೂತು ಬಂದ ನೋವೆಂದು ಮನೆಯವರ ತೀರ್ಮಾನ. ನಾನೂ ಎರಡು ವಾರ ಜೋಶಾಂದಾ ಕೊಟ್ಟು ಕಳೆದೆ. ಆಮೇಲೆ ಕೇಳಿದೆ, "ಖಾಲಾ, ಮನೆಯಾಗ ದನ ಅದಾವೇನ್ರಿ?"

"ಒಂದು ಎಮ್ಮೆ ಐತ್ರಿ ಹಕೀಮ್ ಸಾಹೇಬ್ರ. ಎಂಟು ತಿಂಗಳಿಗೇ ಕಂದು ಹಾಕಿತು. ಕಸ ಬೀಳಲಿಲ್ಲಂತ ನಾನೇ ಕೈ ಹಾಕಿ ತಗದೆ."

ರಕ್ತ ಪರೀಕ್ಷೆಯಲ್ಲಿ ಬ್ರುಸೆಲ್ಲೋಸಿಸ್ ಎಂದು ಬಂತು. ದನಗಳಲ್ಲಿ ಇದಕ್ಕೆ ಕಂದು ರೋಗ ಎನ್ನುತ್ತಾರೆ. ಡೇವಿಡ್ ಬ್ರೂಸ್ ಎಂಬ ವೈದ್ಯ 1887ರಲ್ಲಿ ಮಾಲ್ಟಾ ದ್ವೀಪದಲ್ಲಿ, ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲಿ ಈ ಜಾತಿಯ ರೋಗಾಣುವನ್ನು ಕಂಡುಹಿಡಿದ. ಅದು ಆಡಿನ ಹಸಿ ಹಾಲಿನಿಂದ ಬರುತ್ತದೆಂದು ತಿಳಿಯಲು 1905ರವರೆಗೆ ಕಾಯಬೇಕಾಯಿತು. ಸೋಂಕು ತಗಲಿದ ಪ್ರಾಣಿಯ ಕಸ, ಗರ್ಭದ ನೀರು, ಕಂದಿನಲ್ಲಿ ಈ ರೋಗಾಣು ಲೆಕ್ಕವಿಲ್ಲದಷ್ಟು ಇರುತ್ತದೆ. ಕೈಯ ಸಣ್ಣ ಗೀರು, ಕಣ್ಣಿಗೆ ಸಿಡಿದ ಹನಿ, ಉಸಿರು, ಯಾವ ದಾರಿಯಿಂದಲಾದರೂ ಒಳಗೆ ಹೋದೀತು. ಮಗ್ಗದ ದಾರ ಎಳೆದು ಬೆರಳು ಸೀಳಿದ ನಮ್ಮ ಹೆಣ್ಣುಮಕ್ಕಳಿಗೆ ಇದು ಇನ್ನೂ ಹತ್ತಿರದ ಅಪಾಯ. ಗಂಡಸರಲ್ಲಿ ವೃಷಣ ಬಾತುಕೊಳ್ಳುವುದುಂಟು. ನಾಚಿಕೆಯಿಂದ ಹೇಳದೆ ಕೂರಬೇಡಿ. ಬಸುರಿಯರಲ್ಲಿ ಗರ್ಭ ಇಳಿಯುವ ಭಯವಿದೆ. ಆದ್ದರಿಂದ ಮನೆಯ ಬಸುರಿ ಸೊಸೆ, ಮಗಳು ಅಂದು ದನದ ಮನೆಯ ಕಡೆ ಸುಳಿಯುವುದೇ ಬೇಡ.

ಕರು ಈದು ಹನ್ನೆರಡು ತಾಸಿನೊಳಗೆ ಸಾಮಾನ್ಯವಾಗಿ ಕಸ ತಾನೇ ಬೀಳುತ್ತದೆ. ಕರುವನ್ನು ಬೇಗ ಮೊಲೆಗೆ ಬಿಡಿ. ಅದು ಚೀಪಿದರೆ ಗರ್ಭಕೋಶ ಕುಗ್ಗಿ ಕಸ ಜಾರಲು ಅನುಕೂಲ. ಜೋತುಬಿದ್ದ ಕಸಕ್ಕೆ ಕಲ್ಲು ಅಥವಾ ಹಳೆಯ ಚಪ್ಪಲಿ ಕಟ್ಟುವ ರೂಢಿ ಬಿಟ್ಟುಬಿಡಿ. ಅದು ಹರಿದು ಅರ್ಧ ಒಳಗೇ ಉಳಿದರೆ ಗರ್ಭಕೋಶ ಕೀವಾಗುತ್ತದೆ, ಪ್ರಾಣಿ ಮತ್ತೆ ಗಬ್ಬ ನಿಲ್ಲುವುದು ಕಷ್ಟ. ಹನ್ನೆರಡು ತಾಸು ದಾಟಿದರೆ ಪಶುವೈದ್ಯರನ್ನು ಕರೆಯಿರಿ, ಅಥವಾ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ. ನೀವು ಕೈ ಹಾಕಬೇಡಿ.

ಬಿದ್ದ ಕಸವನ್ನು ಎತ್ತುವಾಗ ರಬ್ಬರ್ ಕೈಗವಸು ಇರಲಿ. ಇಲ್ಲದಿದ್ದರೆ ಎರಡು ದಪ್ಪ ಪ್ಲಾಸ್ಟಿಕ್ ಚೀಲಗಳನ್ನು ಮೊಳಕೈವರೆಗೆ ಏರಿಸಿ ಕಟ್ಟಿಕೊಳ್ಳಿ. ಮೂಗು ಬಾಯಿಗೆ ಬಟ್ಟೆ. ಬಾವಿ, ಕೆರೆ, ಹಳ್ಳದಿಂದ ದೂರದಲ್ಲಿ ನಾಲ್ಕು ಅಡಿ ಗುಂಡಿ ತೋಡಿ, ಕೆಳಗೂ ಮೇಲೂ ಸುಣ್ಣ ಹಾಕಿ ಹೂಳಿ. ಕೆರೆಯ ನೀರನ್ನೇ ಕುಡಿಯುವ ಊರು ನಮ್ಮದು, ಇದನ್ನು ಮರೆಯಬಾರದು. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಮೊಳಕೈ ಇಳಿಯುವಷ್ಟು ಬಿರಿಯುತ್ತದೆ, ಅದಕ್ಕೆ ಮಣ್ಣನ್ನು ಚೆನ್ನಾಗಿ ತುಳಿದು ಮೇಲೆ ಜಾಲಿ ಮುಳ್ಳು, ಕಲ್ಲು ಹೇರಿ. ಇಲ್ಲದಿದ್ದರೆ ನಾಯಿಗಳು ಕೆದರಿ ಊರಿಗೆಲ್ಲ ಹಂಚುತ್ತವೆ. ಮರಕ್ಕೆ ಕಟ್ಟಿದ್ದನ್ನು ಕಾಗೆಗಳು ಹಂಚುತ್ತವೆ. ಹಾಲು ಹೆಚ್ಚುವುದು ಮೇವು, ಹಿಂಡಿಯಿಂದ, ಮರದಿಂದಲ್ಲ.

ಕಸ ಬಿದ್ದ ಜಾಗದ ಹುಲ್ಲನ್ನು ಸುಟ್ಟುಹಾಕಿ. ಮೊದಲು ಸೆಗಣಿ ಬಳಿದು, ನೆಲ ತೊಳೆದು, ಆಮೇಲೆ ಬ್ಲೀಚಿಂಗ್ ಪುಡಿಯ ನೀರು ಹೊಯ್ಯಿರಿ. ಸೆಗಣಿಯ ಮೇಲೆಯೇ ಹೊಯ್ದರೆ ಪುಡಿ ದಂಡ. ನಮಾಜಿಗೆ ಹೊತ್ತಾಯಿತೆಂದು ಬರೀ ನೀರಲ್ಲಿ ಕೈ ತೊಳೆದು ವುಜೂಗೆ ಕೂರಬೇಡಿ. ಮೊದಲು ಸೋಪು ಹಚ್ಚಿ ಮೊಳಕೈವರೆಗೆ, ಉಗುರಿನ ಸಂದಿಯಲ್ಲೂ ಉಜ್ಜಿ. ರಕ್ತ ತಗಲಿದ ಬಟ್ಟೆ ಬದಲಿಸಿ ಬಿಸಿ ನೀರಲ್ಲಿ ಬೇರೆಯೇ ಒಗೆಯಿರಿ.

ಹಾಲನ್ನು ಉಕ್ಕುವಂತೆ ಕಾಯಿಸಿದರೆ ಈ ರೋಗಾಣು ಸಾಯುತ್ತದೆ. ಗಿಣ್ಣವನ್ನೂ ಪೂರ್ತಿ ಬೇಯಿಸಿ. ಕೆಚ್ಚಲಿನಿಂದ ಕರೆದ ನೊರೆಹಾಲು ಮಕ್ಕಳಿಗೆ ಪುಷ್ಟಿ ಎಂದು ಹಿರಿಯರು ಹೇಳುವುದುಂಟು; ಆ ಮಾತನ್ನು ನಯವಾಗಿ ದಾಟಿಬಿಡಿ.

ಇನ್ನು ಔಷಧದ ಮಾತು. ಇಬ್ನ್ ಸೀನಾ ತಮ್ಮ ಅಲ್‌ಕಾನೂನ್‌ನ ನಾಲ್ಕನೆಯ ಭಾಗವನ್ನು ಜ್ವರಗಳ ವಿಚಾರದಿಂದಲೇ ಆರಂಭಿಸುತ್ತಾರೆ. ನಮ್ಮ ವೈದ್ಯದಲ್ಲಿ ಜ್ವರದ ಜ್ಞಾನಕ್ಕೆ ಕೊರತೆಯಿಲ್ಲ. ಆದರೂ ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ಈ ಕಾಯಿಲೆಗೆ ಜೋಶಾಂದಾ ಸಾಲದು. ಸಾಮಾನ್ಯವಾಗಿ ಆರು ವಾರ ಎರಡು ಬಗೆಯ ಆ್ಯಂಟಿಬಯೋಟಿಕ್ ಒಟ್ಟಿಗೆ ಬೇಕು. ಹತ್ತು ದಿನಕ್ಕೆ ಜ್ವರ ಇಳಿಯಿತೆಂದು ಬಿಟ್ಟರೆ ಮರಳಿ ಬರುತ್ತದೆ. ಆಸ್ಪತ್ರೆಗೆ ಹೋದಾಗ "ಮನೆಯಲ್ಲಿ ದನ ಇದೆ, ಕಂದು ಹಾಕಿತ್ತು" ಎಂದು ನೀವಾಗಿಯೇ ಹೇಳಿ. ಕೇಳುವ ವೈದ್ಯರು ಕಡಿಮೆ.

ಆ ಖಾಲಾ ಆರು ವಾರ ಮಾತ್ರೆ ಮುಗಿಸಿ ಮತ್ತೆ ಮಗ್ಗಕ್ಕೆ ಕೂತಿದ್ದಾರೆ. ನಿಮ್ಮ ಮನೆಯಲ್ಲಿ ಹೆಣ್ಣು ಕರುವಿದ್ದರೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಕಂದು ರೋಗದ ಲಸಿಕೆ ಹಾಕಿಸಿ. ಜೀವನದಲ್ಲಿ ಒಂದೇ ಸಲ ಸಾಕು. ಸರಕಾರದ ಕಾರ್ಯಕ್ರಮದಲ್ಲಿ ಉಚಿತ. ಅದು ಜೀವಂತ ರೋಗಾಣುವಿನ ಲಸಿಕೆ, ಹಾಗಾಗಿ ಸೂಜಿ ಹಾಕುವ ಕೆಲಸ ಪಶುವೈದ್ಯರದೇ ಇರಲಿ. ನೀವು ಕರುವಿನ ಹಗ್ಗ ಹಿಡಿದು ನಿಂತರೆ ಸಾಕು.