ಗಾಲಿಯ ಮೇಲಿನ ಅಡುಗೆಮನೆ

ಜಮಖಂಡಿಯಿಂದ ವಿಜಯಪುರದ ಕಡೆಗೆ ಪ್ರಯಾಣ ಮಾಡುವವರು ಚಿಕ್ಕಪಡಸಲಗಿಯ ಬಳಿ ಕೃಷ್ಣಾ ನದಿಯನ್ನು ದಾಟುತ್ತಾರೆ. 1989ರಲ್ಲಿ ಈ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ತಮ್ಮ ಹಣವನ್ನೂ ದುಡಿಮೆಯನ್ನೂ ಕೂಡಿಸಿ ಇಲ್ಲಿ ಕಟ್ಟಿದ ಬ್ಯಾರೇಜು ನಾಡಿನಲ್ಲೆಲ್ಲ ಹೆಸರಾಯಿತು. 'ಶ್ರಮಬಿಂದು ಸಾಗರ' ಎಂಬ ಅದರ ಹೆಸರೇ ಅದರ ಕಥೆಯನ್ನು ಹೇಳುತ್ತದೆ. ಸುತ್ತಲೂ ಕಬ್ಬಿನ ನಾಡು. ರಸ್ತೆಯ ಮೇಲೆ ಸದಾ ಜನಸಂಚಾರ. ಇಂತಹ ರಸ್ತೆಯ ಬದಿಯಲ್ಲಿ ಸಂಜೆಯ ಹೊತ್ತು ತಿನಿಸಿನ ಗಾಡಿಯೊಂದು ನಿಂತಿದೆಯೆಂದು ಭಾವಿಸಿರಿ. ಬಾಣಲೆಯ ಕಾದ ಎಣ್ಣೆಯಲ್ಲಿ ಮಿರ್ಚಿ ಭಜಿ ತೇಲುತ್ತಿದೆ. ಪಕ್ಕದಲ್ಲಿ ಗಿರಮಿಟ್ಟು ಕಲಸಲು ಚುರಮುರಿ ಸಿದ್ಧವಾಗಿದೆ. ಹಸಿದವನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಆದರೆ ಆ ಗಾಡಿಯಲ್ಲಿ ಮೊದಲು ನೋಡಬೇಕಾದ ವಸ್ತು ಬಾಣಲೆಯಲ್ಲ, ನೀರಿನ ಕೊಡ. ಮನೆಯ ಅಡುಗೆಯವರಿಗೆ ನಲ್ಲಿಯೋ ಬಾವಿಯೋ ಹತ್ತಿರದಲ್ಲಿರುತ್ತದೆ. ಗಾಡಿಯವನಾದರೋ ಕೈ ತೊಳೆಯುವುದಕ್ಕೂ ತಟ್ಟೆ ತೊಳೆಯುವುದಕ್ಕೂ ಗಿರಾಕಿಗೆ ಕುಡಿಯಲು ಕೊಡುವುದಕ್ಕೂ ತಾನು ಹೊತ್ತು ತಂದ ನೀರನ್ನೇ ನೆಚ್ಚಬೇಕು. ನದಿಯು ಕೂಗಳತೆಯಲ್ಲಿ ತುಂಬಿ ಹರಿಯುತ್ತಿದ್ದರೂ ಶುದ್ಧೀಕರಿಸದ ಆ ನೀರು ಕುಡಿಯಲು ಯೋಗ್ಯವಲ್ಲ. ನೀರು ಮುಗಿಯುತ್ತ ಬಂದಂತೆ ಒಂದೇ ಬಕೆಟ್ಟಿನಲ್ಲಿ ಹತ್ತಾರು ತಟ್ಟೆಗಳು ಮುಳುಗೇಳುತ್ತವೆ. ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳನ್ನು ತರುವ ಸೂಕ್ಷ್ಮಜೀವಿಗಳು ಹೀಗೆಯೇ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತವೆ. ಗಾಲಿಯ ಮೇಲಿನ ಅಡುಗೆಮನೆಯನ್ನು ಸರ್ಕಾರವು ತಪಾಸಣೆಗೆ ಒಳಪಡಿಸಿರುವುದಕ್ಕೆ ಮುಖ್ಯ ಕಾರಣ ಇದೇ.

ಆಹಾರ ಕಲಬೆರಕೆಯನ್ನು ತಡೆಯಲು ನಮ್ಮ ದೇಶದಲ್ಲಿ 1954ರಲ್ಲಿಯೇ ಒಂದು ಕಾಯಿದೆ ರಚಿತವಾಗಿತ್ತು. ಅದರ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂದು, 2011ರ ಆಗಸ್ಟ್ 5ರಿಂದ ಅದರ ನಿಯಮಗಳು ಜಾರಿಗೊಂಡವು. ಆ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟುಳ್ಳವರನ್ನು ಕಿರು ವ್ಯಾಪಾರಿಗಳೆಂದು ಗುರುತಿಸಿ, ಅವರಿಗೆ ಪರವಾನಗಿಯ ಬದಲು ಸರಳವಾದ ನೋಂದಣಿಯನ್ನು ವಿಧಿಸಿದವು. ಶುಲ್ಕ ವರ್ಷಕ್ಕೆ 100 ರೂಪಾಯಿ. ಇಂತಹ ಮೊತ್ತಗಳು ಕಾಲಕಾಲಕ್ಕೆ ತಿದ್ದುಪಡಿ ಹೊಂದುತ್ತವೆ. ಅರ್ಜಿ ಬಂದ 7 ದಿನಗಳಲ್ಲಿ ಅಧಿಕಾರಿಯು ಒಪ್ಪಬೇಕು, ನಿರಾಕರಿಸಬೇಕು, ಇಲ್ಲವೆ ತಪಾಸಣೆಗೆ ಸೂಚನೆ ಕೊಡಬೇಕು. ಏನನ್ನೂ ಮಾಡದಿದ್ದರೆ ವ್ಯಾಪಾರಿಯು ತನ್ನ ಕೆಲಸವನ್ನು ಆರಂಭಿಸಬಹುದು ಎಂದು 2011ರ ನಿಯಮವು ಹೇಳಿತು. ಕಚೇರಿಯ ವಿಳಂಬಕ್ಕಾಗಿ ಬಡವನ ಒಲೆ ಆರಬಾರದೆಂಬ ಎಚ್ಚರ ಇದರಲ್ಲಿ ಕಾಣುತ್ತದೆ.

ತಪಾಸಣೆಗೆ ಬಂದ ಆಹಾರ ಸುರಕ್ಷತಾ ಅಧಿಕಾರಿ ಏನನ್ನು ನೋಡುತ್ತಾನೆ? ಗಾಡಿ ನಿಂತ ಸ್ಥಳ ಚರಂಡಿ, ತಿಪ್ಪೆಗಳಿಂದ ದೂರವಿದೆಯೇ, ಕುಡಿಯುವ ನೀರು ಸಾಕಷ್ಟಿದೆಯೇ, ಕಸದ ಡಬ್ಬಿಗೆ ಮುಚ್ಚಳವಿದೆಯೇ ಎಂದು ನೋಡುತ್ತಾನೆ. ಬಳಿಕ ಅಡುಗೆಯವನ ಕೈಗಳನ್ನು ನೋಡುತ್ತಾನೆ. ಉಗುರು ಕತ್ತರಿಸಿರಬೇಕು, ಗಾಯವಿದ್ದರೆ ಮುಚ್ಚಿರಬೇಕು, ಕೆಲಸಕ್ಕೆ ಮೊದಲೂ ಶೌಚದ ನಂತರವೂ ಸಾಬೂನಿನಿಂದ ಕೈ ತೊಳೆಯಬೇಕು, ತಂಬಾಕು ಜಗಿಯುವುದು, ಉಗುಳುವುದು ಕೂಡದು. ಸಾಂಕ್ರಾಮಿಕ ರೋಗವುಳ್ಳವನು ಆಹಾರವನ್ನು ಮುಟ್ಟುವಂತಿಲ್ಲ. ಇವುಗಳಲ್ಲಿ ಬಹುಪಾಲು ನಮ್ಮ ಅಜ್ಜಿಯರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಮಾತುಗಳೇ ಎಂಬುದನ್ನು ನೀವು ಗಮನಿಸಿರಬಹುದು. ಆದರೆ ಬಿಸಿ ಭಜಿಯನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಕಟ್ಟಬಾರದೆಂದು ಅವರು ಹೇಳಿರಲಿಲ್ಲ. ಮುದ್ರಣದ ಮಸಿಯು ಬಿಸಿ ಎಣ್ಣೆಯೊಡನೆ ಬೆರೆತು ಹೊಟ್ಟೆ ಸೇರುವುದರಿಂದ 2018ರ ನಿಯಮಗಳು ಅದನ್ನು ನಿಷೇಧಿಸಿವೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಗೂ ಮಿತಿಯುಂಟು. ಕಾದಷ್ಟೂ ಎಣ್ಣೆಯಲ್ಲಿ ಹಾನಿಕರವಾದ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ. ಅವು ನೂರಕ್ಕೆ 25ನ್ನು ಮೀರಿದರೆ ಆ ಎಣ್ಣೆಯನ್ನು ಬಳಸಬಾರದು.

ಕಣ್ಣಿಗೆ ಕಾಣುವ ಕೊಳೆಯನ್ನು ಗಿರಾಕಿಯೂ ಕಂಡಾನು. ಕಣ್ಣಿಗೆ ಚೆಂದವಾಗಿ ಕಂಡು ಮೋಸಗೊಳಿಸುವುದನ್ನು ಕಂಡುಹಿಡಿಯಲು ಪ್ರಯೋಗಾಲಯವೇ ಬೇಕು. ಕರ್ನಾಟಕದಲ್ಲಿ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣಗಳಿದ್ದವು. ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15 ಅಂತಹವೇ ಆಗಿದ್ದವು. 2024ರ ಮಾರ್ಚ್ 11ರಂದು ರಾಜ್ಯ ಸರ್ಕಾರವು ಈ ಎರಡು ತಿನಿಸುಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ತಿನಿಸುಗಳಿಗೆ ನಿಷೇಧವಿರಲಿಲ್ಲ, ಬಣ್ಣಕ್ಕೆ ಮಾತ್ರ. ಮಿಠಾಯಿಯಲ್ಲಿ ದೊರೆತ ಬಣ್ಣಗಳಲ್ಲಿ ರೋಡಮೈನ್-ಬಿ ಒಂದು. ನೇಕಾರರ ಊರುಗಳಾದ ರಬಕವಿ, ಬನಹಟ್ಟಿಗಳ ಮಕ್ಕಳಿಗೆ ನೂಲಿನ ಬಣ್ಣದ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಇದೂ ಬಟ್ಟೆಗೆ ಹಾಕುವ ಬಣ್ಣವೇ. ಆಹಾರದಲ್ಲಿ ಇದಕ್ಕೆ ಅನುಮತಿಯೇ ಇಲ್ಲ. ಸೀರೆಯ ಅಂಚಿನಲ್ಲಿ ಇರಬೇಕಾದುದು ಮಗುವಿನ ನಾಲಗೆಯ ಮೇಲೆ ಬಂದು ಕುಳಿತಿತ್ತು!

ಮಾದರಿಯನ್ನು ತೆಗೆದುಕೊಳ್ಳುವ ಕ್ರಮವನ್ನೂ ಕಾಯಿದೆಯು ವಿವರವಾಗಿ ಹೇಳಿದೆ. ಅಧಿಕಾರಿಯು ತಿನಿಸನ್ನು ಬಿಟ್ಟಿಯಾಗಿ ಒಯ್ಯುವಂತಿಲ್ಲ; ಎಲ್ಲರಂತೆ ಅದರ ಬೆಲೆಯನ್ನು ಕೊಡಬೇಕು. ಅದನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ಭಾಗ ಆಹಾರ ವಿಶ್ಲೇಷಕನಿಗೆ ಹೋಗುತ್ತದೆ. ಎರಡು ಭಾಗಗಳು ಮೇಲಧಿಕಾರಿಯ ವಶದಲ್ಲಿರುತ್ತವೆ. ಉಳಿದ ಭಾಗವನ್ನು ವ್ಯಾಪಾರಿಯು ಕೋರಿದರೆ ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ ಕಳುಹಿಸಬೇಕು. ವಿಶ್ಲೇಷಕನು 14 ದಿನಗಳಲ್ಲಿ ವರದಿ ಕೊಡಬೇಕು. ಅದರ ವಿರುದ್ಧ ವ್ಯಾಪಾರಿಯು 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಗಾಡಿಯಲ್ಲಿ ಕೊರತೆ ಕಂಡರೆ ಅದನ್ನು ಸರಿಪಡಿಸಲು ಕನಿಷ್ಠ 14 ದಿನಗಳ ಅವಕಾಶವಿರುವ ನೋಟೀಸನ್ನು ಮೊದಲು ಕೊಡಲಾಗುತ್ತದೆ. ಕಿರುಕುಳ ಕೊಡಲೆಂದೇ ವಸ್ತುಗಳನ್ನು ಜಪ್ತಿ ಮಾಡಿದ ಅಧಿಕಾರಿಗೂ ದಂಡವುಂಟು. ದಿನದ ದುಡಿಮೆಯನ್ನೇ ನಂಬಿದ ವ್ಯಾಪಾರಿಗೆ ಈ ಸಂಗತಿಗಳು ತಿಳಿದಿಲ್ಲದಿದ್ದರೆ ಅಧಿಕಾರಿಯ ಜೀಪು ಕಂಡೊಡನೆ ಗಾಡಿಯನ್ನು ತಳ್ಳಿಕೊಂಡು ಓಡುವುದೇ ಅವನಿಗೆ ಉಳಿಯುವ ದಾರಿ.

ಕೊಳ್ಳುವವನೂ ಇದರಲ್ಲಿ ಕೇವಲ ಪ್ರೇಕ್ಷಕನಲ್ಲ. ತಾನು ಕೊಂಡ ತಿನಿಸನ್ನು ನಿಗದಿತ ಶುಲ್ಕ ಕೊಟ್ಟು ಆಹಾರ ವಿಶ್ಲೇಷಕನಿಂದ ಪರೀಕ್ಷೆ ಮಾಡಿಸುವ ಹಕ್ಕು ಅವನಿಗಿದೆ. ಆದರೆ ಆ ಉದ್ದೇಶವನ್ನು ಕೊಳ್ಳುವಾಗಲೇ ವ್ಯಾಪಾರಿಗೆ ತಿಳಿಸಿರಬೇಕು. ತಿನಿಸು ಕಾಯಿದೆಗೆ ಅನುಗುಣವಾಗಿಲ್ಲವೆಂದು ವರದಿ ಬಂದರೆ ಅವನು ಕಟ್ಟಿದ ಶುಲ್ಕ ಅವನಿಗೆ ಮರಳಿ ದೊರೆಯುತ್ತದೆ.