ಇಂದಿನ ಧಮ್ಮ ಚಿಂತನೆ: ಬಣ್ಣದ ಕೆಳಗಿನ ಧೂಳು



ಮಗನೂ ನಾನೂ ಕೂತು ಫೆರಾರಿ ಕಾರಿನ 1:24 ಅಳತೆಯ ಮಾದರಿ ಜೋಡಿಸುತ್ತಿದ್ದೇವೆ. ತಾಳಗುಪ್ಪದ ಆಷಾಢದ ಮಳೆ. ಗಾಳಿಯ ತೇವಕ್ಕೆ ಸ್ಪ್ರೇ ಬಣ್ಣ ಮಂಕಾಯಿತು, ಧೂಳೂ ಕೂತಿತು. ಮೇಲೊಂದು ಪದರ ಹೊಡೆದು ಮುಚ್ಚಲು ಹೋದೆ. ಹೊಳಪು ಹೆಚ್ಚಿದಷ್ಟೂ ಕಲೆ ಎದ್ದು ಕಂಡಿತು. "ಅಪ್ಪಾ, ಉಜ್ಜಿಯೇ ತೆಗೀಬೇಕು" ಎಂದ ಮಗ. ನೀರು ಹಚ್ಚಿ ಎಮರಿ ಪೇಪರಿನಲ್ಲಿ ಉಜ್ಜಿ, ಪ್ರೈಮರಿನಿಂದ ಮತ್ತೆ ಶುರು ಮಾಡಿದೆವು.

1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳನ್ನು ಸ್ವೀಕರಿಸಿದವನು ನಾನು. ಆದರೂ ತಮ್ಮನಿಗೆ ಹೆಣ್ಣು ನೋಡುವಾಗ "ಯಾವ ಪಂಗಡ?" ಎಂದು ಕೇಳಿದ್ದೆ. ಹಳೆಯ ಧೂಳಿನ ಮೇಲೆ ಹೊಸ ಬಣ್ಣ!

ಧಮ್ಮಪದದ ಮಲವಗ್ಗದಲ್ಲಿ ಬೆಳ್ಳಿಯ ಕೊಳೆ ತೆಗೆಯುವವನ ಹೋಲಿಕೆ ಬರುತ್ತದೆ. ಅದು ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ.

ಇಂದಿನ ಅಭ್ಯಾಸ: ನನ್ನೊಳಗೆ ಇನ್ನೂ ಉಜ್ಜದೆ ಉಳಿದ ಜಾಗ ಯಾವುದು?

ಭವತು ಸಬ್ಬ ಮಂಗಲಂ.